ಆಟದ ದಿನ ಯಾರೂ ಏಳಬಾರದು

ಅಲ್ಬೊರಾದಾ ಫುಟ್‌ಬಾಲ್ ತಂಡ ಗೆಲ್ಲಬೇಕೆಂದರೆ ಹಿಮೆನಾ ಫ್ರಿಜ್ಜಿನ ಬಾಗಿಲು ತೆರೆದುಕೊಂಡು, ಕೈಯಲ್ಲಿ ಲೆಟ್ಯೂಸ್ ಸೊಪ್ಪು ಹಿಡಿದುಕೊಂಡು ನಿಂತಿರಬೇಕು. ಇದು ಅವಳಪ್ಪ ರುಬೇನನ ಕಟ್ಟಪ್ಪಣೆ. ಹಿಮೆನಾಳಿಗೆ ಇಪ್ಪತ್ತೆಂಟು ವರ್ಷ. ಔಷಧಿ ಅಂಗಡಿಯಲ್ಲಿ ವಾರವೆಲ್ಲ ನಿಂತೇ ದುಡಿದು ಕಾಲು ಬಾತಿರುತ್ತದೆ. ಆದರೂ ನಿಲ್ಲಬೇಕು.

ಸೆಪ್ಟೆಂಬರಿನ ಒಂದು ಶನಿವಾರ ಇದು ಶುರುವಾದದ್ದು. ಅಲ್ಬೊರಾದಾ ಒಂಬತ್ತು ಆಟ ಗೆಲ್ಲದೆ ಮೂರನೇ ದರ್ಜೆಗೆ ಜಾರುವ ಅಂಚಿನಲ್ಲಿತ್ತು. ರುಬೇನ್ ಗ್ಯಾಸ್ ಪೈಪ್ ಕೂಡಿಸುವ ಕೆಲಸದವನು. ಮೊಣಕಾಲು ಕೆಟ್ಟಮೇಲೆ ಮೈದಾನದ ಮೆಟ್ಟಿಲು ಹತ್ತಲಾರದೆ ಅಡುಗೆಮನೆಯ ಟಿವಿ ಮುಂದೆಯೇ ಕೂತು ಕೂಗಾಡುತ್ತಿದ್ದ. ಆವತ್ತು ಅವನ ಗೆಳೆಯ ಚಿಚೋ ಒಗೆಯದ ಜೆರ್ಸಿ ಹಾಕಿಕೊಂಡು ಬಂದಿದ್ದ. ರುಬೇನನ ತಾಯಿ, ಎಂಬತ್ನಾಲ್ಕು ವರ್ಷದ ಅಸ್ಸುಂತಾ, ಬಾಗಿಲ ಪಕ್ಕ ತೂಕಡಿಸುತ್ತಿದ್ದಳು. ಅವಳನ್ನು ಮನೆಯವರೆಲ್ಲ ನೋನಾ ಎನ್ನುತ್ತಿದ್ದರು. ಹೆಂಡತಿ ನೆಲಿದಾ ಟಿವಿಗೆ ಬೆನ್ನು ಹಾಕಿ ಗಿಡ್ಡ ಸ್ಟೂಲಿನ ಮೇಲೆ ಕೂತು ಆಲೂಗಡ್ಡೆ ಹೆರೆಯುತ್ತಿದ್ದಳು. ಹಿಮೆನಾ ಸಾಲಡ್ ಮಾಡೋಣವೆಂದು ಫ್ರಿಜ್ ತೆಗೆದಳು. ಗೋಲ್ ಬಿತ್ತು.

“ಅಲ್ಲೇ ನಿಲ್ಲು! ಯಾರೂ ಅಲ್ಲಾಡ್ಬೇಡಿ!” ಎಂದು ರುಬೇನ್ ಕಿರುಚಿದ.

ಯಾರೂ ಅಲ್ಲಾಡಲಿಲ್ಲ. ಅಲ್ಬೊರಾದಾ ಗೆದ್ದಿತು. ಕಬಾಲಾ ಎನ್ನುವ ಶಕುನದ ಕಟ್ಟಳೆ ಹುಟ್ಟುವುದು ಹೀಗೆಯೇ. ಗೆದ್ದ ದಿನ ಯಾರು ಎಲ್ಲಿದ್ದರೋ ಮುಂದಿನ ಆಟಕ್ಕೂ ಅಲ್ಲೇ ಇರಬೇಕು, ಏನು ಮಾಡುತ್ತಿದ್ದರೋ ಅದನ್ನೇ ಮಾಡಬೇಕು. ಮುಂದಿನ ವಾರ ಹಾಗೇ ಮಾಡಿದರು, ಮತ್ತೆ ಗೆದ್ದರು. ಆಮೇಲೆ ಇದು ಮನೆಯ ಕಾನೂನೇ ಆಯಿತು.

“ನಂಗೆ ನಿದ್ದೆ ಬರ್ತಿಲ್ಲ ಕಣೋ” ಎಂದಳು ನೋನಾ, ಮೂರನೇ ಆಟದ ದಿನ.

“ಬರದಿದ್ರೆ ಸುಮ್ನೆ ಕಣ್ಮುಚ್ಕೋ ಅಮ್ಮಾ.”

“ಸತ್ತಾಗ ಮುಚ್ಕೋತೀನಿ. ನಿನ್ನ ತಂಡ ನೋಡ್ತಿದ್ರೆ ಅದೂ ಬೇಗ್ನೇ ಆಗೋ ಹಂಗಿದೆ. ಲೋ ಚಿಚೋ, ಆ ಜೆರ್ಸಿ ಒಗ್ಯೋ ಮಾರಾಯ. ಸತ್ತ ಕುದುರೆ ನಾತ ಹೊಡೀತಿದೆ.”

“ಒಗೆದ್ರೆ ಗೆಲುವು ಚರಂಡಿಗೆ ಹೋಗುತ್ತೆ ನೋನಾ” ಎಂದ ಚಿಚೋ, ಬಹಳ ಗಂಭೀರವಾಗಿ.

ಹಿಮೆನಾ ಲೆಟ್ಯೂಸ್ ಹಿಡಿದು ನಿಂತು ಇದನ್ನೆಲ್ಲ ಕೇಳುತ್ತಿದ್ದಳು. ಫ್ರಿಜ್ಜಿನ ತಣ್ಣನೆ ಗಾಳಿ ಹೊಟ್ಟೆಗೆ ಬಡಿಯುತ್ತಿತ್ತು. ಒಂದು ಕಾಲದಲ್ಲಿ ಈ ತಂಡಕ್ಕಾಗಿ ಅವಳು ಚಳಿಯಲ್ಲಷ್ಟೇ ಅಲ್ಲ, ಬೆಂಕಿಯಲ್ಲೂ ನಿಲ್ಲುತ್ತಿದ್ದಳು. ಒಂಬತ್ತು ವರ್ಷದವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಮೈದಾನಕ್ಕೆ ಹೋಗುತ್ತಿದ್ದಳು. ಹನ್ನೊಂದು ಆಟಗಾರರಷ್ಟೇ ಅಲ್ಲ, ಬೆಂಚಿನ ಮೇಲೆ ಕೂತವರ ಹೆಸರೂ ಬಾಯಿಗೆ ಬರುತ್ತಿತ್ತು. ಒಂದು ಫೈನಲ್ ಸೋತಾಗ ಎರಡು ದಿನ ಅನ್ನ ನೀರು ಮುಟ್ಟದೆ, ಶಾಲೆಗೂ ಹೋಗದೆ, ಜೆರ್ಸಿಯಲ್ಲೇ ಮಲಗಿದ್ದಳು. ಆಗ ರುಬೇನ್ ಬೀದಿಗೆಲ್ಲ ಹೇಳಿಕೊಂಡು ತಿರುಗಿದ: “ನನ್ನ ಮಗಳು ನೋಡ್ರಿ, ಗಂಡುಮಕ್ಳೂ ಹಿಂಗೆ ಅಳಲ್ಲ.”

ಆ ಹುಚ್ಚು ಯಾವತ್ತು ಹೋಯಿತೋ ಅವಳಿಗೇ ಗೊತ್ತಿಲ್ಲ. ಒಂದು ಸೋಮವಾರ ಅಂಗಡಿಯಲ್ಲಿ ಗಿರಾಕಿಯೊಬ್ಬ “ನಿನ್ನೆ ಎಷ್ಟಾಯ್ತು?” ಎಂದು ಕೇಳಿದ. ನಿನ್ನೆ ಆಟವಿತ್ತೆಂಬುದೇ ಅವಳಿಗೆ ನೆನಪಿರಲಿಲ್ಲ. ಅದಾಗಿ ಐದು ವರ್ಷವಾಗಿತ್ತು. ಅಪ್ಪನಿಗೆ ಹೇಳಿರಲಿಲ್ಲ.

ಅಕ್ಟೋಬರ್ ಹೊತ್ತಿಗೆ ನೆಲಿದಾ ಊಟ ಬಿಡತೊಡಗಿದಳು. ಕರಿದ ಮಾಂಸದ ತುಂಡನ್ನು ತನ್ನ ತಟ್ಟೆಯಿಂದ ನೋನಾಳ ತಟ್ಟೆಗೆ ದಾಟಿಸುವಳು. ಬೇಯಿಸಿದ ಅನ್ನ ಎರಡು ಚಮಚ ತಿಂದು, ಬಲಗೈಯನ್ನು ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದು ಎದ್ದುಹೋಗುವಳು. “ಗ್ಯಾಸು” ಎನ್ನುವಳು. ದಿನಕ್ಕೆ ನೂರು ಜನರ ಹೊಟ್ಟೆನೋವಿಗೆ ಮಾತ್ರೆ ಕೊಡುವ ಹಿಮೆನಾ ತನ್ನ ತಾಯಿಯ ಮುಖವನ್ನು ಸರಿಯಾಗಿ ನೋಡಲಿಲ್ಲ. ಇದು ಅವಳ ತಪ್ಪು. ಆಮೇಲೆ ಅವಳೇ ಒಪ್ಪಿಕೊಂಡಳು.

ನವೆಂಬರಿನ ಮೊದಲ ಮಂಗಳವಾರ ಅಂಗಡಿಗೆ ಫೋನ್ ಬಂತು, ಸರ್ಕಾರಿ ಆಸ್ಪತ್ರೆಯಿಂದ.

“ನೆಲಿದಾ ಅವರ ಮಗಳಾ? ಅವರ ಫೋನ್ ಸಿಗ್ತಿಲ್ಲ, ನಿಮ್ಮ ನಂಬರ್ ಬರೆಸಿದ್ರು. ಪಿತ್ತಕೋಶದ ಕಲ್ಲಿನ ಆಪರೇಷನ್ನು ಈ ಶುಕ್ರವಾರ ಮಧ್ಯಾಹ್ನ ಎರಡಕ್ಕೆ. ಈಗಾಗಲೇ ಎರಡು ಸಲ ಜ್ವರ ಅಂತ ಮುಂದೆ ಹಾಕಿಸಿದ್ದಾರೆ. ಈ ಸಲವೂ ಬರದಿದ್ರೆ ಮುಂದಿನ ಸರದಿ ಮಾರ್ಚಿಗೇ.”

ಹಿಮೆನಾ ಆ ಎರಡು ತಾರೀಖು ಕೇಳಿ ಒಂದು ಚೀಟಿಯ ಮೇಲೆ ಗೀಚಿಕೊಂಡಳು. ಒಂದು ಗುರುವಾರ, ಒಂದು ಸೋಮವಾರ. ಆ ಎರಡೂ ವಾರ ಟಿವಿಯವರು ಅಲ್ಬೊರಾದಾ ಆಟವನ್ನು ವಾರಾಂತ್ಯದಿಂದ ಅದೇ ದಿನಕ್ಕೆ ಜರುಗಿಸಿದ್ದರು. ಎರಡೂ ದಿನ ಅವಳೇ ಫ್ರಿಜ್ಜಿನ ಮುಂದೆ ನಿಂತಿದ್ದಳು, ಅಮ್ಮ ಹಿಂದೆ ಸ್ಟೂಲಿನ ಮೇಲೆ ಆಲೂಗಡ್ಡೆ ಹೆರೆಯುತ್ತಿದ್ದಳು. ಜ್ವರ ಗಿರ ಏನೂ ಇರಲಿಲ್ಲ.

ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚುತ್ತಲೇ ಮನೆಗೆ ಓಡಿದಳು. ರುಬೇನ್ ಊಟಕ್ಕೆ ಕೂತಿದ್ದ. ನೆಲಿದಾ ಕುಂಬಳಕಾಯಿ ಸೂಪು ಬಡಿಸುತ್ತಿದ್ದಳು.

“ಅಮ್ಮಾ, ಆಸ್ಪತ್ರೆಯವ್ರು ಫೋನ್ ಮಾಡಿದ್ರು. ಈ ಶುಕ್ರವಾರ ಆಪರೇಷನ್ನು, ತಪ್ಪಿದ್ರೆ ಮಾರ್ಚಿಗೇ ಅಂತೆ.”

ನೆಲಿದಾ ಮಗಳಿಗೂ ಒಂದು ತಟ್ಟೆ ಇಟ್ಟಳು. “ಮೊದ್ಲು ಊಟ ಮಾಡು.”

“ಎರಡು ಸಲ ಸುಳ್ಳು ಹೇಳಿದ್ದೀಯ. ಫುಟ್‌ಬಾಲ್‌ಗೋಸ್ಕರ! ಹೊಟ್ಟೆಯೊಳಗೆ ಕಲ್ಲು ಇಟ್ಕೊಂಡು ಆಲೂಗಡ್ಡೆ ಹೆರೀತಿದ್ದೀಯಲ್ಲ, ನಿಂಗೇನಾದ್ರೂ ಬುದ್ಧಿ ಇದೆಯಾ?”

“ಮೆಲ್ಲಗೆ ಮಾತಾಡೇ. ಬೀದಿಗೆ ಕೇಳ್ಸುತ್ತೆ.”

“ಕೇಳ್ಲಿ! ಅಪ್ಪಾ, ನಿಂಗೊತ್ತಿತ್ತಾ?”

ರುಬೇನ್ ಬ್ರೆಡ್ಡು ಮುರಿಯುತ್ತಿದ್ದ. ಮುರಿದ ತುಂಡನ್ನು ಮತ್ತೆ ಮುರಿದ.

“ಮೊದಲ್ನೇ ಸಲ ಹೇಳಿದ್ಲು. ಗುರುವಾರ ತಾರೀಖು ಕೊಟ್ಟವ್ರೆ ಅಂದ್ಲು.”

“ನೀನೇನಂದೆ?”

“ಗುರುವಾರ ಆಟ ಐತೆ ಅಂದೆ. ಅಷ್ಟೇ. ಹೋಗ್ಬೇಡ ಅಂದ್ನಾ ನಾನು? ನೆಲಿದಾ, ನೀನೇ ಹೇಳು, ಹೋಗ್ಬೇಡ ಅಂದ್ನಾ?”

“ಇಲ್ಲ” ಎಂದಳು ನೆಲಿದಾ.

“ಹೋಗು ಅಂದ್ಯಾ?” ಎಂದಳು ಹಿಮೆನಾ.

ರುಬೇನ್ ಇನ್ನೊಂದು ಬ್ರೆಡ್ಡಿಗೆ ಕೈ ಹಾಕಿದ. ನೋನಾ ಸೂಪಿನ ತಟ್ಟೆಯಿಂದ ತಲೆಯೆತ್ತದೆ “ನನ್ನ ಹೊಟ್ಟೇಲಿ ಹುಟ್ಟಿದ ಕತ್ತೆ” ಎಂದಳು.

ರುಬೇನನಿಗೆ ಸಿಟ್ಟು ಬಂತು. “ಏನು ಎಲ್ರೂ ನನ್ನ ಮೇಲೆ ಬೀಳ್ತೀರಾ? ಏಳು ಆಟದಿಂದ ಸೋತಿಲ್ಲ. ಶುಕ್ರವಾರ ಕೊನೇ ಆಟ. ಡ್ರಾ ಮಾಡ್ಕೊಂಡ್ರೂ ಸಾಕು, ಉಳ್ಕೋತೀವಿ. ನಮ್ಮಪ್ಪ ಆ ಮೈದಾನದ ಗೋಡೆಗೆ ಇಟ್ಟಿಗೆ ಹೊತ್ತವ್ನು. ನೀನು, ಒಂಬತ್ತು ವರ್ಷಕ್ಕೆ ಎರಡು ದಿನ ಉಪವಾಸ ಬಿದ್ದವ್ಳು, ಇವತ್ತು ನಂಗೆ ಪಾಠ ಹೇಳ್ತೀಯಾ?”

“ಆಗ ಒಂಬತ್ತು ವರ್ಷ ಅಪ್ಪಾ.”

“ಸೋಮವಾರ ಮಾಡ್ಸಿದ್ರೆ ಆಗಲ್ವಾ? ಮೂರೇ ದಿನ.”

“ಮಾರ್ಚ್! ಇದು ಬಿಟ್ರೆ ಮಾರ್ಚ್! ಕಿವಿ ಕೇಳ್ಸಲ್ವಾ?”

ರುಬೇನ್ ಸೂಪು ಬಿಟ್ಟು ಎದ್ದುಹೋದ. ಅಂಗಳದಲ್ಲಿ ಪೈಪಿಗೆ ಅರ ಹಾಕುವ ಸದ್ದು ಶುರುವಾಯಿತು.

ನೆಲಿದಾ ಮಗಳ ಕಡೆ ತಿರುಗಿದಳು. ಅವಳ ಕಣ್ಣಿನ ಬಿಳಿಭಾಗ ಹಳದಿಗೆ ತಿರುಗಿದ್ದನ್ನು ಹಿಮೆನಾ ಆಗಲೇ ಕಂಡದ್ದು.

“ಅವನನ್ನ ಬೈಬೇಡ. ನಾನಾಗೇ ಮಾಡ್ದೆ. ನಾನು ಹೋಗಿ, ಅವ್ರು ಸೋತು, ಕೆಳಗಿಳಿದ್ರೆ? ಆ ಮುಖ ನೋಡ್ಕೊಂಡು ಬದುಕ್ಬೇಕಾದವ್ಳು ನಾನು. ನೀನು ನಾಳೆ ಇನ್ನೊಂದು ಮನೆ ಮಾಡ್ಕೊಂಡು ಹೋಗ್ತೀಯ. ನಿಂಗೆ ಅದೆಲ್ಲ ಮುಗೀತು, ನಂಗೊತ್ತು.”

“ಏನು ಗೊತ್ತು?”

“ಗೋಲ್ ಬಿದ್ದಾಗ ನೀನು ಫ್ರಿಜ್ಜೊಳಗೆ ಮೊಟ್ಟೆ ಎಣಿಸ್ತಿರ್ತೀಯ. ನಂಗೆ ಬೆನ್ನ ಹಿಂದೇನೂ ಕಣ್ಣಿದೆ.”

ಗುರುವಾರ ಸಂಜೆ ಹಿಮೆನಾ ಮನೆಗೆ ಬಂದಾಗ ನೆಲಿದಾ ಒಂದು ಬೋಗುಣಿ ತುಂಬ ಆಲೂಗಡ್ಡೆ ಹೆರೆದು ನೀರಿನಲ್ಲಿ ಹಾಕಿಟ್ಟಿದ್ದಳು.

“ನಾಳೆ ನಾನಿರಲ್ವಲ್ಲ. ಹೆರೆದದ್ದಂತೂ ಆಯ್ತು” ಎಂದಳು. ಹಿಮೆನಾಳಿಗೆ ಆ ಬೋಗುಣಿಯನ್ನು ಎತ್ತಿ ಗೋಡೆಗೆ ಬಡಿಯಬೇಕೆನ್ನಿಸಿತು. ಬಡಿಯಲಿಲ್ಲ. ಅಮ್ಮನ ನೈಟಿ, ಚಪ್ಪಲಿ, ಸೋಪು ಚೀಲಕ್ಕೆ ತುಂಬಿದಳು.

ಶುಕ್ರವಾರ ಹನ್ನೊಂದಕ್ಕೆ ಬಾಡಿಗೆ ಕಾರು ಬಂತು. ರುಬೇನ್ ಚೀಲವನ್ನು ಹಿಂದಿನ ಸೀಟಿನಲ್ಲಿಟ್ಟ. ಹೆಂಡತಿಯ ತಲೆಗೆ ಮುತ್ತಿಟ್ಟು “ಹೆದರ್ಬೇಡ” ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕಾರಿನ ಕಿಟಕಿಗೆ ಬಗ್ಗಿ ಮಗಳಿಗೆ ಮೆಲ್ಲಗೆ ಹೇಳಿದ:

“ಅವಳನ್ನ ಒಳಗೆ ಕರ್ಕೊಂಡು ಹೋದ್ಮೇಲೆ ನಿಂಗೇನು ಕೆಲ್ಸ ಇರುತ್ತೆ? ನಾಲ್ಕಕ್ಕೆ ಆಟ. ನೀನಾದ್ರೂ ಬಂದ್ಬಿಡು.”

ಹಿಮೆನಾ ಕಿಟಕಿಯ ಗಾಜು ಏರಿಸಿದಳು.

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಕಾವಲುಗಾರ ರೇಡಿಯೋ ಇಟ್ಟುಕೊಂಡಿದ್ದ. ಸುತ್ತ ಆರೇಳು ಗಂಡಸರು. ನೆಲಿದಾಳನ್ನು ಎರಡೂವರೆಗೆ ಒಳಗೆ ತಳ್ಳಿಕೊಂಡು ಹೋಗಿದ್ದರು; ಒಂದು ಗಂಟೆಯ ಕೆಲಸ ಎಂದಿದ್ದರು. ನಾಲ್ಕಾಯಿತು, ನಾಲ್ಕೂವರೆಯಾಯಿತು, ಯಾರೂ ಹೊರಗೆ ಬರಲಿಲ್ಲ. ಅಲ್ಬೊರಾದಾ ಗೋಲ್ ಹೊಡೆಯಿತು. ಕೋಣೆಯೆಲ್ಲ ಹಾರಿಬಿತ್ತು. ಕೈಗೆ ಪ್ಲಾಸ್ಟರ್ ಕಟ್ಟಿಕೊಂಡಿದ್ದ ದಪ್ಪ ಮನುಷ್ಯನೊಬ್ಬ ಹಿಮೆನಾಳನ್ನು ಅಪ್ಪಿಕೊಂಡು ಅತ್ತ. ಅವಳೂ ಅವನ ಬೆನ್ನು ತಟ್ಟಿದಳು. ತನ್ನೊಳಗೆ ಏನಾದರೂ ಮಿಸುಕೀತೇ ಎಂದು ಕಾದಳು. ಅಪ್ಪನಿಗಾಗಿಯಾದರೂ ಒಂದಿಷ್ಟು ಸಂತೋಷವಾಗಲಿ ಎಂದುಕೊಂಡಳು. ಏನೂ ಆಗಲಿಲ್ಲ. ಅವಳ ಕಣ್ಣು ಆ ಎರಡು ರೆಕ್ಕೆಯ ಬಾಗಿಲ ಮೇಲೇ ಇತ್ತು.

ಸರ್ಜನ್ ಐದು ನಲವತ್ತಕ್ಕೆ ಬಂದಳು. ಟೋಪಿ ತೆಗೆದು ಹಣೆ ಒರೆಸಿಕೊಂಡಳು.

“ಬದುಕಿದ್ದಾರೆ. ಆದ್ರೆ ಪಿತ್ತಕೋಶ ಕೊಳೆತು ಅಂಟ್ಕೊಂಡಿತ್ತು. ಸಣ್ಣ ತೂತಲ್ಲಿ ಮುಗಿಯೋ ಕೆಲ್ಸಕ್ಕೆ ಇಷ್ಟುದ್ದ ಕೊಯ್ಯಬೇಕಾಯ್ತು. ಹತ್ತು ದಿನ ಇಲ್ಲೇ ಇರ್ಬೇಕು. ಒಂದು ತಿಂಗಳು ಯಾಕೆ ತಡ ಮಾಡಿದ್ರಿ?”

ಹಿಮೆನಾ ಬಾಯಿ ತೆರೆದಳು. ಕಾರಣ ಹೇಳಲು ನಾಚಿಕೆಯಾಯಿತು. ಆ ಹೊತ್ತಿಗೆ ರೇಡಿಯೋದ ಸುತ್ತಲಿನ ಗಂಡಸರು ತಲೆ ಮೇಲೆ ಕೈ ಹೊತ್ತಿದ್ದರು. ಎದುರಾಳಿಗಳು ಸಮ ಮಾಡಿಕೊಂಡು, ಎಂಬತ್ತೊಂದನೇ ನಿಮಿಷದಲ್ಲಿ ಇನ್ನೊಂದು ಹೊಡೆದಿದ್ದರು. ಸ್ವಲ್ಪ ಹೊತ್ತಿಗೆ ಆಟ ಮುಗಿಯಿತು. ಅಲ್ಬೊರಾದಾ ಮೂರನೇ ದರ್ಜೆಗೆ ಇಳಿಯಿತು. ಪ್ಲಾಸ್ಟರಿನ ಮನುಷ್ಯ ನೆಲದ ಮೇಲೆ ಕೂತುಬಿಟ್ಟ.

ಮರುದಿನ ಬೆಳಿಗ್ಗೆ ನೋಡಲು ಬಿಡುವ ಹೊತ್ತಿಗೆ ರುಬೇನ್ ಬಂದ. ಗಡ್ಡ ಬೋಳಿಸಿಕೊಂಡು ಇಸ್ತ್ರಿ ಅಂಗಿ ಹಾಕಿದ್ದ, ಸಾವಿನ ಮನೆಗೆ ಬಂದವನಂತೆ. ನೆಲಿದಾಳ ಮೂಗಿನಲ್ಲಿ ಒಂದು ನಳಿಕೆ, ಪಕ್ಕೆಯಲ್ಲಿ ಒಂದು ನಳಿಕೆ. ಗಂಡನನ್ನು ಕಂಡು ಅವಳು ಆಡಿದ ಮೊದಲ ಮಾತು:

“ಇಳಿದ್ರಾ?”

“ಹ್ಞೂಂ.”

“ನಾನು ಅಲ್ಲಿ ಕೂತಿದ್ದಿದ್ರೆ...”

ಹಿಮೆನಾ ಅಪ್ಪನ ಮುಖ ನೋಡಿದಳು. ಒಂದು ಮಾತು ಸಾಕಾಗಿತ್ತು. ‘ಛೆ, ಹುಚ್ಚಿ’ ಎಂದಿದ್ದರೂ ಸಾಕಿತ್ತು. ರುಬೇನ್ ಹೊದಿಕೆಯ ಅಂಚನ್ನು ಸರಿಮಾಡಿದ, ಕಿಟಕಿ ನೋಡಿದ, “ನೀರು ಬೇಕಾ?” ಎಂದ. ಅಷ್ಟೇ. ನೆಲಿದಾ ಕಣ್ಣುಮುಚ್ಚಿದಳು, ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿಯಿತು.

ಹನ್ನೊಂದನೇ ದಿನ ಮನೆಗೆ ಬಂದಳು. ಅಡುಗೆ ಹಿಮೆನಾಳದು. ನೋನಾ ತರಕಾರಿ ಹೆಚ್ಚಿ ಕೊಡುವಳು. ರುಬೇನ್ ಪಾತ್ರೆ ತೊಳೆದ, ಬಟ್ಟೆ ಒಣಹಾಕಿದ, ಯಾರೂ ಹೇಳದೆಯೇ. ಆದರೆ ಬಾಯಿ ಬಿಡಲಿಲ್ಲ. ನೆಲಿದಾ ಊಟ ಮುಟ್ಟಲಿಲ್ಲ. ಹೊಲಿಗೆ ಒಣಗುತ್ತಿತ್ತು, ಹೆಂಗಸು ಸೊರಗುತ್ತಿದ್ದಳು. ಬೀದಿಯವರು ನೋಡಲು ಬಂದು ಕಿತ್ತಳೆ ಕೊಟ್ಟು, “ಅಯ್ಯೋ, ಆವತ್ತೇ ಆಗ್ಬೇಕಿತ್ತಾ ನಿಂಗೆ” ಎಂದು ಹೋಗುವರು. ಅವಳು ಪ್ರತಿಯೊಬ್ಬರಿಗೂ “ತಪ್ಪಾಯ್ತು” ಎನ್ನುವಳು. ಹೊಟ್ಟೆ ಕೊಯ್ಸಿಕೊಂಡವಳು ಊರಿಗೆಲ್ಲ ಕ್ಷಮೆ ಕೇಳುವುದೇ?

ಚಿಚೋ ಅಂಗಡಿಗೆ ತಲೆನೋವಿನ ಮಾತ್ರೆಗೆ ಬಂದ. ಒಗೆದ ಅಂಗಿ ಹಾಕಿದ್ದ.

“ನಿಮ್ಮಪ್ಪ ಆವತ್ತು ಒಂದಿಂಚೂ ಅಲ್ಲಾಡ್ಲಿಲ್ಲ ಮಗಾ” ಎಂದ. “ಉಚ್ಚೆಗೂ ಏಳ್ಲಿಲ್ಲ. ಆಟ ಮುಗಿದು ಟಿವೀಲಿ ಅಡುಗೆ ಕಾರ್ಯಕ್ರಮ ಬಂತು. ಆಗ್ಲೂ ಹಂಗೇ ಕೂತಿದ್ದ, ಮೊಳೆ ಹೊಡೆದ ಹಂಗೆ.”

ಆ ಶನಿವಾರ ಮಧ್ಯಾಹ್ನ ಹಿಮೆನಾ ಅಂಗಳಕ್ಕೆ ಹೋದಳು. ರುಬೇನ್ ಪೈಪನ್ನು ಕೈಯಲ್ಲಿ ಹಿಡಿದು ಅಳತೆ ಮಾಡುತ್ತಿದ್ದ.

“ಅಮ್ಮಂಗೆ ಹೇಳು. ನಿನ್ನಿಂದ ಅಲ್ಲ ಅಂತ ಹೇಳು.”

“ಹೇಳೋಕ್ಕಾಗಲ್ಲ.”

“ಯಾಕಾಗಲ್ಲ? ನಾಲ್ಕು ಮಾತು!”

“ಸುಳ್ಳಾಗುತ್ತೆ. ಅಲ್ಬೊರಾದಾ ವಿಷ್ಯದಲ್ಲಿ ನಾನು ಇವತ್ತಿನವರೆಗೆ ಸುಳ್ಳು ಹೇಳಿಲ್ಲ.” ಅವನು ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿದ. “ಏಳು ಆಟ ಕೂತಿದ್ಲು, ಉಳಿದ್ವಿ. ಒಂದಾಟ ಇರ್ಲಿಲ್ಲ, ಹೋದ್ವಿ. ನಾನೇನು ಮಾಡ್ಲಿ? ನೀನೂ ಇರ್ಲಿಲ್ಲ. ನಿಂಗೂ ಹೊಟ್ಟೆ ಉರೀತಿರ್ಬೇಕು, ಹೇಳಲ್ಲ ಅಷ್ಟೇ.”

“ನಂಗೇನೂ ಅನ್ನಿಸಲ್ಲ ಅಪ್ಪಾ.”

“ಏನಂದೆ?”

“ಏನೂ ಅನ್ನಿಸಲ್ಲ. ಗೆದ್ರೂ ಅಷ್ಟೇ, ಸೋತ್ರೂ ಅಷ್ಟೇ. ದ್ವೇಷಾನೂ ಇಲ್ಲ. ಹೋಗ್ಬಿಟ್ಟಿದೆ.”

ರುಬೇನ್ ಪೈಪನ್ನು ಕೆಳಗಿಟ್ಟ. ಬೈಯುತ್ತಾನೆಂದು ಅವಳು ಕಾದಳು. ಅವನ ದನಿ ಕೆಳಗಿಳಿಯಿತು.

“ಯಾವಾಗಿಂದ?”

“ಐದು ವರ್ಷ ಆಯ್ತು. ಇನ್ನೂ ಮುಂಚೇನೋ ಏನೋ.”

“ಹಂಗಾದ್ರೆ ಏಳು ಆಟ ಫ್ರಿಜ್ ಹತ್ರ ಯಾಕೆ ನಿಂತೆ?”

“ನೀನು ನಿಲ್ಲು ಅಂದೆ.”

ಅವನು ಮಗಳನ್ನು ನೋಡಿದ. ಆಮೇಲೆ ಪಕ್ಕದಲ್ಲಿದ್ದ ಡಬ್ಬದ ಮೇಲೆ ಕೂತು ಮೊಣಕಾಲು ನೀವಿಕೊಂಡ. “ನೆಲಿದಾನೂ ಹಂಗೇ, ನಾನಂದೆ ಅಂತ ಕೂತ್ಲಾ?” ಎಂದ, ಯಾರಿಗೆ ಎಂದಿಲ್ಲದೆ. ಹಿಮೆನಾ ಒಳಗೆ ಬಂದಳು.

ಭಾನುವಾರ ಮಧ್ಯಾಹ್ನ ನಾಲ್ವರೂ ಮೇಜಿಗೆ ಕೂತರು. ಹಿಮೆನಾ ನೂಡಲ್ಸ್ ಬೇಯಿಸಿದ್ದಳು. ಮೂವರಿಗೆ ಟೊಮೆಟೊ ಸಾಸು, ನೆಲಿದಾಳಿಗೆ ಬರೀ ಉಪ್ಪು. ನೆಲಿದಾ ಫೋರ್ಕನ್ನು ತಟ್ಟೆಯಲ್ಲಿ ಆಡಿಸುತ್ತಿದ್ದಳು.

“ನೆಲಿದಾ” ಎಂದ ರುಬೇನ್, ತಟ್ಟೆ ನೋಡುತ್ತ. “ಒಂದ್ ಮಾತು ಹೇಳ್ಬೇಕು. ಯಾರ್ಗೂ ಹೇಳಿಲ್ಲ.”

“ಏನು?”

“ಆವತ್ತು ನಾನೇ ಎದ್ದೆ.”

“ಎಲ್ಲಿಂದ ಎದ್ದೆ?”

“ಕುರ್ಚಿಯಿಂದ. ಒಂದು ಒಂದು ಇತ್ತು, ಡ್ರಾ ಇತ್ತು, ಉಳಿದಿದ್ವಿ. ನಿಂಗೇನಾಯ್ತೋ ಅಂತ ತಡೀಲಿಲ್ಲ. ಇವಳಿಗೆ ಫೋನ್ ಮಾಡೋಣ ಅಂತ ಎದ್ದೆ. ಎಂಬತ್ತೊಂದನೇ ನಿಮಿಷ. ಡಯಲ್ ಮಾಡ್ತಿದ್ದೆ, ಗೋಲ್ ಬಿತ್ತು.”

ನೋನಾ ಆವತ್ತು ಬಾಗಿಲ ಪಕ್ಕದಲ್ಲೇ ಇದ್ದವಳು. ಮಗನ ಕಡೆ ಒಮ್ಮೆ ನೋಡಿದಳು. ಬಾಯಿ ತೆರೆದವಳು ಅದಕ್ಕೊಂದು ಬ್ರೆಡ್ಡಿನ ತುಂಡು ಹಾಕಿಕೊಂಡು ಜಗಿಯತೊಡಗಿದಳು.

ನೆಲಿದಾ ಮಗಳ ಕಡೆ ತಿರುಗಿದಳು. “ಫೋನ್ ಬಂದಿತ್ತಾ?”

ರುಬೇನ್ ತಲೆಯೆತ್ತಲಿಲ್ಲ. ಅವನ ಕಿವಿ ಮಾತ್ರ ಕೆಂಪಗಾಗಿತ್ತು.

“ಬಂದಿತ್ತು ಅಮ್ಮಾ” ಎಂದಳು ಹಿಮೆನಾ. “ಒಂದೇ ರಿಂಗಾಗಿ ಕಟ್ಟಾಯ್ತು. ಡಾಕ್ಟ್ರ ಹತ್ರ ಮಾತಾಡ್ತಿದ್ದೆ.”

ನೆಲಿದಾ ಗಂಡನನ್ನೇ ನೋಡಿದಳು. ಅವಳ ಕೆನ್ನೆಗೆ ನಿಧಾನವಾಗಿ ಬಣ್ಣ ಬಂತು. ಫೋರ್ಕನ್ನು ಟಣ್ಣೆಂದು ಮೇಜಿಗೆ ಬಡಿದಳು.

“ಎದ್ಯಾ? ನೀನು ಎದ್ಯಾ? ಏಳು ಆಟ ಆ ಮೂರು ಕಾಲಿನ ಸ್ಟೂಲಿನ ಮೇಲೆ ನನ್ನ ಕೂರ್ಸಿ, ಬೆನ್ನು ಮುರಿಸಿ, ಮುದುಕೀನ ಕಣ್ಣು ಮುಚ್ಸಿ, ಕೊನೇ ಹತ್ತು ನಿಮಿಷ ಕೂತಿರೋಕ್ಕಾಗ್ಲಿಲ್ವಾ ನಿಂಗೆ?”

“ಹೆದ್ರಿಕೆ ಆಯ್ತು ಕಣೇ.”

“ಹೆದ್ರಿಕೆಯಂತೆ! ಹೊಟ್ಟೆ ಕೊಯ್ಸಿಕೊಂಡವ್ಳು ನಾನು, ಹೆದ್ರಿಕೆ ನಿಂಗೆ! ಇಡೀ ಬೀದಿಗೆ ನಾನು ತಪ್ಪಾಯ್ತು ತಪ್ಪಾಯ್ತು ಅಂದ್ಕೊಂಡು ಕೂತಿದ್ದೀನಿ, ಇವನು ಹದಿನೈದು ದಿನ ಬಾಯಿ ಮುಚ್ಕೊಂಡು ಬಟ್ಟೆ ಒಣಹಾಕ್ತಾನೆ! ಹೋಗು, ಚಿಚೋಗೆ ಹೇಳು. ಎದುರುಮನೆಯವ್ಳಿಗೂ ಹೇಳು. ನೀನೇ ಹೋಗಿ ಹೇಳ್ಬೇಕು!”

“ಹೇಳ್ತೀನಿ.”

“ಇವತ್ತೇ!”

“ಇವತ್ತೇ ಹೇಳ್ತೀನಿ.”

ನೆಲಿದಾ ಬೈಯುತ್ತಲೇ ಫೋರ್ಕಿಗೆ ನೂಡಲ್ಸ್ ಸುತ್ತಿ ಬಾಯಿಗಿಟ್ಟಳು, ನುಂಗಿದಳು, ಮತ್ತೆ ಸುತ್ತಿದಳು. ಹೊಲಿಗೆ ನೋಯುತ್ತಿತ್ತೇನೋ, ಒಂದು ಕೈ ಪಕ್ಕೆಯ ಮೇಲಿತ್ತು. ರುಬೇನ್ ತಲೆ ತಗ್ಗಿಸಿ ಕೇಳಿಸಿಕೊಂಡ. ಹಿಮೆನಾ ಅವನ ಲೋಟಕ್ಕೆ ನೀರು ಬಗ್ಗಿಸಿದಳು. ಅವನು ಕಣ್ಣೆತ್ತಿ ಅವಳನ್ನು ನೋಡಿ, ಮತ್ತೆ ತಟ್ಟೆಗೆ ಬಗ್ಗಿದ.

“ಏನು ನೋಡ್ತಾ ಕೂತಿದ್ದೀಯ?” ಎಂದು ನೆಲಿದಾ ಮಗಳ ಕಡೆ ತಟ್ಟೆ ಚಾಚಿದಳು. “ಇನ್ನೊಂದು ಚೂರು ಹಾಕು. ಎದ್ನಂತೆ!”